ಅಗಸ್ಟಸ್‌ನ ಮನೆ: ರೋಮ್‌ನ ಮೊದಲ ಚಕ್ರವರ್ತಿ ಕುಟುಂಬದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೋಮ್ ಚಕ್ರವರ್ತಿಗಳ ಮಾತು ಬಂದರೆ ಹೆಚ್ಚಿನವರು ಕೇಳುವುದು ಎರಡೇ ವಿಷಯ: ನೀರೋನ ಪಿಟೀಲು, ಕ್ಯಾಲಿಗುಲಾನ ಕುದುರೆ. ಎರಡಕ್ಕೂ ಉತ್ತರ ಕೆಳಗೆ ಇದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವಲ್ಲ, ಅವರ ಮನೆ. ಒಬ್ಬ ಅಪ್ಪ, ಒಬ್ಬಳೇ ಮಗಳು, ಎರಡನೇ ಸಂಬಂಧದಿಂದ ಬಂದ ಮಕ್ಕಳು, ಅಕಾಲದಲ್ಲಿ ಹೋದ ಮೊಮ್ಮಕ್ಕಳು, ಇಷ್ಟವಿಲ್ಲದ ಮದುವೆಗಳು. ಆ ಮನೆಯ ಊಟದ ಕೋಣೆಯಲ್ಲಿ ಆದ ಮಾತು ಸ್ಪೇನ್‌ನಿಂದ ಸಿರಿಯಾವರೆಗಿನ ಜನರ ಹಣೆಬರಹ ಆಗುತ್ತಿತ್ತು. ಹಾಗಾಗಿ ಇಲ್ಲಿ ಯುದ್ಧಗಳು ಕಡಿಮೆ, ಮನೆಮಾತು ಜಾಸ್ತಿ.

ಈ ಮನೆತನದಲ್ಲಿ ಯಾರು ಯಾರು ಆಳಿದರು?

ಐದು ಜನ. ಅಗಸ್ಟಸ್ (ಕ್ರಿ.ಪೂ. 27ರಿಂದ ಕ್ರಿ.ಶ. 14), ಟೈಬೀರಿಯಸ್ (14ರಿಂದ 37), ಕ್ಯಾಲಿಗುಲಾ (37ರಿಂದ 41), ಕ್ಲಾಡಿಯಸ್ (41ರಿಂದ 54), ನೀರೋ (54ರಿಂದ 68). ಇವರನ್ನು ಜೂಲಿಯೋ-ಕ್ಲಾಡಿಯನ್ ಮನೆತನ ಅನ್ನುತ್ತಾರೆ. ಅಗಸ್ಟಸ್ ಕಡೆಯದು ಜೂಲಿಯಸ್ ಕುಲ, ಹೆಂಡತಿ ಲಿವಿಯಾಳ ಮೊದಲ ಗಂಡನದು ಕ್ಲಾಡಿಯಸ್ ಕುಲ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಐದು ಜನರಲ್ಲಿ ಒಬ್ಬನೂ ಹಿಂದಿನ ಚಕ್ರವರ್ತಿಯ ಸ್ವಂತ ಮಗನಲ್ಲ. ಟೈಬೀರಿಯಸ್ ಲಿವಿಯಾಳ ಮೊದಲ ಗಂಡನ ಮಗ. ಕ್ಯಾಲಿಗುಲಾ ಟೈಬೀರಿಯಸ್‌ನ ತಮ್ಮನ ಮೊಮ್ಮಗ. ಕ್ಲಾಡಿಯಸ್ ಕ್ಯಾಲಿಗುಲಾನ ಚಿಕ್ಕಪ್ಪ. ನೀರೋ ಕ್ಲಾಡಿಯಸ್‌ನ ಹೆಂಡತಿಯ ಮಗ. ಈ ಮನೆಯ ಮುಕ್ಕಾಲು ಸಂಕಟ ಹುಟ್ಟಿದ್ದು ಇಲ್ಲೇ.

ಅಪ್ಪನಿಂದ ಮಗನಿಗೆ ಪಟ್ಟ ಅನ್ನುವ ನಿಯಮ ಇರಲಿಲ್ವಾ?

ಇರಲಿಲ್ಲ. ರೋಮ್ ಜನಕ್ಕೆ ರಾಜ ಅನ್ನುವ ಪದವೇ ಆಗುತ್ತಿರಲಿಲ್ಲ. ಜೂಲಿಯಸ್ ಸೀಸರ್‌ನನ್ನು ಕ್ರಿ.ಪೂ. 44ರ ಮಾರ್ಚ್ 15ರಂದು ಸಭೆಯಲ್ಲೇ ಇರಿದು ಕೊಂದದ್ದು ಇವನು ರಾಜನಾಗಲು ಹೊರಟಿದ್ದಾನೆ ಅನ್ನುವ ಸಿಟ್ಟಿನಲ್ಲಿ. ಸೀಸರ್‌ನ ಸೋದರಿಯ ಮೊಮ್ಮಗ ಆಕ್ಟೇವಿಯಸ್‌ಗೆ ಆಗ 18 ವರ್ಷ. ಉಯಿಲು ಒಡೆದು ಓದಿದಾಗ ಸೀಸರ್ ಅವನನ್ನು ಮಗನಾಗಿ ತಗೊಂಡಿದ್ದಾನೆ ಅಂತ ಗೊತ್ತಾಯಿತು. ಆ ಹುಡುಗನೇ ಮುಂದೆ ಎದುರಾಳಿಗಳನ್ನೆಲ್ಲ ಮುಗಿಸಿ, ಕ್ರಿ.ಪೂ. 31ರಲ್ಲಿ ಗ್ರೀಸ್ ಕರಾವಳಿಯ ಆಕ್ಟಿಯಂನಲ್ಲಿ ರೋಮನ್ ಸೇನಾಪತಿ ಆಂಟನಿ ಮತ್ತು ಈಜಿಪ್ಟ್ ರಾಣಿ ಕ್ಲಿಯೋಪಾತ್ರರನ್ನು ಸೋಲಿಸಿ, ಕ್ರಿ.ಪೂ. 27ರಲ್ಲಿ ಅಗಸ್ಟಸ್ ಅನ್ನುವ ಬಿರುದು ಪಡೆದ.

ಅವನು ಕಿರೀಟ ಇಟ್ಟುಕೊಳ್ಳಲಿಲ್ಲ. ನಾನು ಬರೀ ಮೊದಲ ಪ್ರಜೆ ಅಂದ. ಮಾತಿಗೆ ಗಣರಾಜ್ಯ, ಕೆಲಸದಲ್ಲಿ ಒಬ್ಬನದೇ ಆಳ್ವಿಕೆ. ರಾಜ ಅಂತ ಹೇಳಿಕೊಳ್ಳದೆ ಇದ್ದ ಮೇಲೆ ಯುವರಾಜ ಅಂತ ಯಾರನ್ನು ಕರೆಯುವುದು? ಆದ್ದರಿಂದ ಅವನು ಮಾಡಬೇಕಾದ್ದೆಲ್ಲ ಮನೆಯೊಳಗೇ ಮಾಡಬೇಕಾಯಿತು. ದತ್ತು, ಮದುವೆ, ವಿಚ್ಛೇದನ. ಇವೇ ಅವನ ಸಂವಿಧಾನ.

ಇದಕ್ಕೂ ನಮ್ಮ ಬೆಂಗಳೂರಿಗೂ ಏನೋ ಸಂಬಂಧ ಇದೆಯಂತೆ, ನಿಜಾನಾ?

ನಿಜ. 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೂವರ ನಾಣ್ಯಗಳೂ ಅದರಲ್ಲಿದ್ದವು. ಆಮೇಲೆ ಎಚ್‌ಎಎಲ್ ಕಡೆಯೂ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ನಾಣ್ಯಗಳು ಸಾತವಾಹನರ ಕಾಲದ ಮಣ್ಣಿನಲ್ಲಿ ಸಿಕ್ಕಿವೆ. ಮೆಣಸು, ಮುತ್ತು, ಹತ್ತಿ ಬಟ್ಟೆ, ಹರಳು ಇವಕ್ಕೆಲ್ಲ ರೋಮ್ ದುಡ್ಡು ಕೊಡುತ್ತಿತ್ತು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ಅಲ್ಲಿನ ನಾಣ್ಯ) ಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಬೇಸರದಿಂದ ಬರೆದಿಟ್ಟಿದ್ದಾನೆ. ಭಾರತದ ರಾಜರು ತನ್ನ ಬಳಿಗೆ ಎಷ್ಟೋ ಸಲ ದೂತರನ್ನು ಕಳಿಸಿದರು ಅಂತ ಅಗಸ್ಟಸ್ ತಾನೇ ಬರೆಸಿಕೊಂಡ ಸಾಧನೆಗಳ ಪಟ್ಟಿಯಲ್ಲಿದೆ.

ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಸಿಗುವ ರೋಮನ್ ಬೆಳ್ಳಿ ನಾಣ್ಯಗಳು ಎರಡು ಬಗೆಯವು. ಎರಡರ ಮೇಲೂ ಇರುವುದು ಈ ಮನೆಯ ಜನರೇ. ಒಂದರಲ್ಲಿ ಮುಂದೆ ಅಗಸ್ಟಸ್‌ನ ತಲೆ. ತಿರುಗಿಸಿದರೆ ಟೋಗಾ (ರೋಮನ್ ಗಂಡಸರು ಮೈಗೆ ಸುತ್ತುವ ಬಟ್ಟೆ) ಉಟ್ಟ ಇಬ್ಬರು ಹುಡುಗರು ನಿಂತಿದ್ದಾರೆ. ಅವರ ಮಧ್ಯೆ ಎರಡು ಗುಂಡು ಗುರಾಣಿ, ಎರಡು ಭರ್ಚಿ. ಮೇಲೆ ಪೂಜೆಗೆ ಬಳಸುವ ಒಂದು ಸೌಟು, ಒಂದು ಡೊಂಕು ಕೋಲು. ಅಂಚಿನ ಸುತ್ತ ಅಕ್ಷರ. ತೂಕ ನಾಲ್ಕು ಗ್ರಾಂಗೂ ಸ್ವಲ್ಪ ಕಡಿಮೆ. ಹೆಚ್ಚು ಕೈ ಬದಲಾಯಿಸಿದ ನಾಣ್ಯದಲ್ಲಿ ಹುಡುಗರ ಮುಖ ಸವೆದು ಬರೀ ಉಬ್ಬು ಉಳಿದಿರುತ್ತದೆ, ಗುರಾಣಿ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಮುಂದೆ ಟೈಬೀರಿಯಸ್, ಹಿಂದೆ ಕುರ್ಚಿಯಲ್ಲಿ ಕೂತ ಒಬ್ಬ ಹೆಂಗಸು. ಕೈಯಲ್ಲಿ ರಾಜದಂಡ, ಒಂದು ರೆಂಬೆ. ಅವಳು ಶಾಂತಿದೇವತೆಯ ರೂಪದಲ್ಲಿರುವ ತಾಯಿ ಲಿವಿಯಾ ಅಂತ ಬಹಳ ಜನ ಗುರುತಿಸುತ್ತಾರೆ.

ನಮ್ಮ ನೆಲದಲ್ಲಿ ಆ ನಾಣ್ಯ ಹಿಡಿದವರಿಗೆ ಅದು ಬೆಳ್ಳಿ, ಅಷ್ಟೇ. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಕೆಲವಕ್ಕೆ ದಾರ ಪೋಣಿಸಲು ತೂತು ಕೊರೆದಿದ್ದಾರೆ, ಕಾಸಿನ ಸರದ ಹಾಗೆ.

ಆ ಇಬ್ಬರು ಹುಡುಗರು ಯಾರು?

ಗಾಯಸ್ ಮತ್ತು ಲೂಸಿಯಸ್. ಅಗಸ್ಟಸ್‌ನ ಮಗಳು ಜೂಲಿಯಾ ಮತ್ತು ಅವನ ಆಪ್ತ ಸೇನಾಪತಿ ಅಗ್ರಿಪ್ಪ, ಇವರ ಮಕ್ಕಳು. ಗಾಯಸ್ ಹುಟ್ಟಿದ್ದು ಕ್ರಿ.ಪೂ. 20ರಲ್ಲಿ, ಲೂಸಿಯಸ್ 17ರಲ್ಲಿ. ಲೂಸಿಯಸ್ ಹುಟ್ಟಿದ ವರ್ಷವೇ ತಾತ ಇಬ್ಬರನ್ನೂ ದತ್ತು ತಗೊಂಡ. ಹಳೇ ರೋಮನ್ ಪದ್ಧತಿಯಲ್ಲಿ ಅದು ಒಂದು ವ್ಯಾಪಾರದ ಹಾಗೆ ನಡೆಯುತ್ತದೆ. ಸಾಕ್ಷಿಗಳ ಮುಂದೆ ತಕ್ಕಡಿ ಹಿಡಿದು, ಅದಕ್ಕೆ ಒಂದು ಕಾಸು ಮುಟ್ಟಿಸಿ, ಅಪ್ಪನಿಂದ ಮಗನನ್ನು ಕೊಂಡುಕೊಳ್ಳುವುದು. ಅಗ್ರಿಪ್ಪನಿಂದ ಈ ಇಬ್ಬರನ್ನು ಕೊಂಡದ್ದೂ ಹಾಗೇ.

ಅಗಸ್ಟಸ್ ಅವರನ್ನು ಸುಮ್ನೆ ಹೆಸರಿಗೆ ದತ್ತು ತಗೊಳ್ಳಲಿಲ್ಲ. ಅಕ್ಷರ ತಾನೇ ಕಲಿಸಿದ. ತನ್ನ ಕೈಬರಹದ ಹಾಗೇ ಬರೆಯಬೇಕು ಅಂತ ತಿದ್ದಿಸಿದ. ಊಟಕ್ಕೆ ಕೂತರೆ ಹುಡುಗರು ಪಕ್ಕದಲ್ಲಿರಬೇಕು. ಪ್ರಯಾಣ ಹೊರಟರೆ ಗಾಡಿಯ ಮುಂದೆಯೋ ಪಕ್ಕದಲ್ಲೋ ಕುದುರೆ ಮೇಲೆ ಬರಬೇಕು.

ಗಾಯಸ್ ದೊಡ್ಡವನಾಗಿ ಪೂರ್ವದ ಗಡಿಗೆ ಹೋದ. ಆಗ ತಾತ ಬರೆದ ಒಂದು ಪತ್ರ ಉಳಿದಿದೆ. ಬರೆದ ದಿನ ಸೆಪ್ಟೆಂಬರ್ 23, ಅವನದೇ ಹುಟ್ಟುಹಬ್ಬ. ವಯಸ್ಸಾದವರಿಗೆ 63ನೇ ವರ್ಷ ಗಂಡಾಂತರ ಅಂತ ಅಲ್ಲಿನ ಜನ ನಂಬುತ್ತಿದ್ದರು. ಅದನ್ನು ದಾಟಿಬಿಟ್ಟೆ, ನನ್ನ ಹುಟ್ಟುಹಬ್ಬ ಆಚರಿಸಿದೆ ತಾನೇ ಅಂತ ಕೇಳುತ್ತಾನೆ. ನೀನಿಲ್ಲದ ದಿನ ನಿನ್ನನ್ನು ಕಣ್ಣು ಹುಡುಕುತ್ತದೆ ಅನ್ನುತ್ತಾನೆ. ಮೊಮ್ಮಗನನ್ನು ಅವನು ಕರೆಯುವುದು ಹೇಗೆ ಗೊತ್ತಾ? ನನ್ನ ಮುದ್ದು ಕತ್ತೆಮರಿ ಅಂತ. ಅರ್ಧ ಜಗತ್ತು ಆಳುವವನು! ಈ ಪತ್ರ ಓದಿದ ಮೇಲೆ ಆ ನಾಣ್ಯವನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ಲೂಸಿಯಸ್ ಕ್ರಿ.ಶ. 2ರಲ್ಲಿ ಸ್ಪೇನ್‌ಗೆ ಹೋಗುವ ದಾರಿಯಲ್ಲಿ, ಇವತ್ತಿನ ಮಾರ್ಸೇಯಲ್ಲಿ ಕಾಯಿಲೆ ಬಿದ್ದು ಸತ್ತ. ಗಾಯಸ್‌ಗೆ ಆರ್ಮೇನಿಯಾದಲ್ಲಿ ಗಾಯವಾಯಿತು. ಅದು ವಾಸಿಯಾಗಲೇ ಇಲ್ಲ. ಕ್ರಿ.ಶ. 4ರಲ್ಲಿ ಮನೆಗೆ ಮರಳುವ ದಾರಿಯಲ್ಲಿ, ಇವತ್ತಿನ ಟರ್ಕಿಯ ಲಿಮಿರಾದಲ್ಲಿ ಅವನೂ ಹೋದ. ಹತ್ತು ವರ್ಷದ ನಂತರ ಅಗಸ್ಟಸ್‌ನ ಉಯಿಲು ತೆರೆದಾಗ ಮೊದಲ ಮಾತೇ ಇದು: ಕ್ರೂರ ವಿಧಿ ನನ್ನ ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್‌ನನ್ನು ಕಿತ್ತುಕೊಂಡ ಕಾರಣ, ಟೈಬೀರಿಯಸ್ ನನ್ನ ವಾರಸುದಾರ. ಆ ಟೈಬೀರಿಯಸ್‌ನ ಎದುರಿಗೇ ಅದನ್ನು ಓದಿದರು.

ನಾಣ್ಯ ಮಾತ್ರ ಓಡಾಡುತ್ತಲೇ ಇತ್ತು. ಪಟ್ಟಕ್ಕೆ ಬರಬೇಕಿದ್ದ ಇಬ್ಬರು ಹುಡುಗರು ಹಡಗು ಹತ್ತಿ ನಮ್ಮ ಊರಿನವರೆಗೆ ಬಂದರು.

ಎಲ್ಲರ ಹೆಸರೂ ಒಂದೇ ಥರ ಯಾಕೆ? ಓದುವಾಗ ತಲೆ ಕೆಡುತ್ತದೆ.

ಕೆಡುತ್ತದೆ, ನಿಜ. ರೋಮನ್ನರಲ್ಲಿ ಗಂಡಸರಿಗೆ ಇಡುವ ಮೊದಲ ಹೆಸರುಗಳೇ ಬೆರಳೆಣಿಕೆಯಷ್ಟು. ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಹೆಸರೇ ಇಲ್ಲ, ಅಪ್ಪನ ಕುಲದ ಹೆಸರಿನ ಸ್ತ್ರೀರೂಪ ಅಷ್ಟೇ. ಜೂಲಿಯಸ್ ಕುಲದಲ್ಲಿ ಹುಟ್ಟಿದವರೆಲ್ಲ ಜೂಲಿಯಾ. ದತ್ತು ಹೋದರೆ ಹೆಸರು ಬದಲಾಗುತ್ತದೆ. ಕ್ಯಾಲಿಗುಲಾನ ನಿಜವಾದ ಹೆಸರೂ ಗಾಯಸ್ಸೇ. ಅಪ್ಪನ ಸೈನ್ಯದ ಬಿಡಾರದಲ್ಲಿ ಬೆಳೆಯುವಾಗ ಅವನಿಗೆ ಸೈನಿಕರ ವೇಷ ಹಾಕುತ್ತಿದ್ದರು. ಪುಟ್ಟ ಬೂಟು ಅಂತ ಸಿಪಾಯಿಗಳು ಇಟ್ಟ ಅಡ್ಡಹೆಸರು ಕ್ಯಾಲಿಗುಲಾ. ಇನ್ನು ಸೀಸರ್ ಅನ್ನುವ ಮನೆಹೆಸರು ಪದವಿಯಾಗಿ, ಕೈಸರ್, ಜಾರ್ ಅಂತ ಇಪ್ಪತ್ತನೇ ಶತಮಾನದವರೆಗೂ ನಡೆಯಿತು. ಜುಲೈ, ಆಗಸ್ಟ್ ತಿಂಗಳ ಹೆಸರುಗಳೂ ಈ ಮನೆಯವೇ ಅಂತ ನಿಮಗೆ ಗೊತ್ತಿರುತ್ತದೆ.

ಅಗಸ್ಟಸ್ ಸ್ವಂತ ಮಗಳನ್ನೇ ಗಡಿಪಾರು ಮಾಡಿದ್ದು ಯಾಕೆ?

ನನಗೆ ಅತಿ ಹೆಚ್ಚು ನೋವು ಕೊಡುವ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಜೂಲಿಯಾ ಹುಟ್ಟಿದ್ದು ಕ್ರಿ.ಪೂ. 39ರಲ್ಲಿ. ಅವಳು ಹುಟ್ಟಿದ ದಿನವೇ ಅಪ್ಪ ಅವಳ ತಾಯಿ ಸ್ಕ್ರಿಬೋನಿಯಾಗೆ ವಿಚ್ಛೇದನ ಕೊಟ್ಟ. ಮುಂದಿನ ವರ್ಷ ಲಿವಿಯಾಳನ್ನು ಮದುವೆಯಾದ. ಲಿವಿಯಾ ಆಗ ಮೊದಲ ಗಂಡನಿಂದ ಎರಡನೇ ಮಗುವಿಗೆ ತುಂಬು ಗರ್ಭಿಣಿ. ಮಗಳು ಅಪ್ಪನ ಮನೆಯಲ್ಲೇ ಬೆಳೆದಳು. ನೂಲುವುದು, ನೇಯುವುದು ಕಲಿತಳು. ಅಗಸ್ಟಸ್ ಮನೆಯ ಹೆಂಗಸರು ನೇಯ್ದ ಬಟ್ಟೆಯನ್ನೇ ಉಡುತ್ತಿದ್ದ.

14 ವರ್ಷಕ್ಕೆ ಅವಳನ್ನು ಸೋದರತ್ತೆಯ ಮಗ ಮಾರ್ಸೆಲಸ್‌ಗೆ ಕೊಟ್ಟರು. ಎರಡು ವರ್ಷದಲ್ಲಿ ಅವನು ತೀರಿಕೊಂಡ. ಆಮೇಲೆ ಅಗ್ರಿಪ್ಪ, ಅಪ್ಪನ ಓರಗೆಯವನು. ಅವನಿಂದ ಐದು ಮಕ್ಕಳು. ಐದನೆಯದು ಹೊಟ್ಟೆಯಲ್ಲಿದ್ದಾಗ ಅಗ್ರಿಪ್ಪನೂ ಸತ್ತ. ಮರುವರ್ಷ, ಕ್ರಿ.ಪೂ. 11ರಲ್ಲಿ, ಟೈಬೀರಿಯಸ್. ಅಂದರೆ ಮಲತಾಯಿಯ ಮಗ. ಈ ಮೂರರಲ್ಲಿ ಒಂದು ಮದುವೆಯನ್ನೂ ಅವಳು ಆರಿಸಿಕೊಳ್ಳಲಿಲ್ಲ. ಅಪ್ಪನಿಗೆ ಯಾವಾಗ ಯಾರು ಬೇಕೋ ಅವರ ಕೈಗೆ ಅವಳ ಕೈ ಇಟ್ಟ.

ಅವಳು ಓದಿದವಳು, ಮಾತಿನಲ್ಲಿ ಚುರುಕು, ಜನಕ್ಕೆ ಅಚ್ಚುಮೆಚ್ಚು. ಅಪ್ಪ ಮಗಳ ನಡುವೆ ಸಲಿಗೆಯೂ ಇತ್ತು. ದಾಸಿಯರು ಅವಳ ತಲೆಯಲ್ಲಿ ನರೆಕೂದಲು ಕೀಳುವುದನ್ನು ಅಗಸ್ಟಸ್ ಒಮ್ಮೆ ನೋಡಿದ. ಬಟ್ಟೆ ಮೇಲೆ ಬಿದ್ದ ಕೂದಲೂ ಕಂಡಿತು. ನೋಡದವನ ಹಾಗೆ ಬೇರೆ ಮಾತು ಎತ್ತಿ, ಆಮೇಲೆ ಕೇಳಿದ: ಮುಂದೆ ನೀನು ನರೆತಲೆಯವಳಾಗಬೇಕಾ, ಬೋಳುತಲೆಯವಳಾಗಬೇಕಾ? ನರೆತಲೆಯೇ ಸರಿ ಅಂದಳು. ಹಾಗಾದರೆ ಇವರು ಯಾಕೆ ನಿನ್ನನ್ನು ಇಷ್ಟು ಬೇಗ ಬೋಳು ಮಾಡುತ್ತಿದ್ದಾರೆ ಅಂದ.

ಕ್ರಿ.ಪೂ. 18ರಲ್ಲಿ ಅಗಸ್ಟಸ್ ಒಂದು ಕಾನೂನು ತಂದಿದ್ದ. ಮದುವೆಯಾದ ಹೆಂಗಸಿನ ಪರಸಂಬಂಧ ಇನ್ನು ಮನೆಯ ವಿಷಯವಲ್ಲ, ಅಪರಾಧ. ಕ್ರಿ.ಪೂ. 2ರಲ್ಲಿ ಜೂಲಿಯಾ ಮೇಲೆ ಅದೇ ಆರೋಪ ಬಂತು. ಹೆಸರು ಕೇಳಿಬಂದ ಗಂಡಸರಲ್ಲಿ ಆಂಟನಿಯ ಮಗ ಯೂಲಸ್ ಕೂಡ ಇದ್ದ, ಅವನು ಪ್ರಾಣ ಕಳೆದುಕೊಂಡ. ಅಗಸ್ಟಸ್ ಸೆನೆಟ್‌ಗೆ (ರೋಮ್‌ನ ಹಿರಿಯರ ಸಭೆ) ತಾನು ಹೋಗದೆ ಪತ್ರ ಕಳಿಸಿ ಓದಿಸಿದ. ಹಿಂದೆ ಅಧಿಕಾರದ ಸಂಚೂ ಇತ್ತು ಅಂತ ಹಲವರು ವಾದಿಸುತ್ತಾರೆ. ಆಂಟನಿಯ ಮಗ ಅದರಲ್ಲಿದ್ದ ಅಂದಾಗ ಆ ಅನುಮಾನಕ್ಕೆ ಬುಡ ಇದೆ ಅಂತಲೇ ನನಗೂ ಅನ್ನಿಸುತ್ತದೆ.

ಅವಳನ್ನು ಪಂಡಟೇರಿಯಾ ದ್ವೀಪಕ್ಕೆ ಹಾಕಿದರು, ಇವತ್ತಿನ ವೆಂಟೊಟೇನೆ. ಉದ್ದ ಸುಮಾರು ಮೂರು ಕಿಲೋಮೀಟರ್. ಅಲ್ಲಿ ವೈನ್ ಇಲ್ಲ. ಯಾವ ಗಂಡಸು ಹೋಗಬೇಕಾದರೂ ಅವನ ವಯಸ್ಸು, ಎತ್ತರ, ಬಣ್ಣ, ಮೈಮೇಲಿನ ಮಚ್ಚೆವರೆಗೆ ಎಲ್ಲವನ್ನೂ ಅಗಸ್ಟಸ್‌ಗೆ ತಿಳಿಸಿ ಅಪ್ಪಣೆ ಪಡೆಯಬೇಕು. ಜೊತೆಗೆ ಹೋದವರು ಯಾರು? ಸ್ಕ್ರಿಬೋನಿಯಾ. ಮಗಳು ಹುಟ್ಟಿದ ದಿನ ಮನೆಯಿಂದ ಹೊರಬಿದ್ದ ಆ ತಾಯಿ, ತಾನೇ ಇಷ್ಟಪಟ್ಟು ಹೋದಳು.

ಜನ ಸುಮ್ಮನೆ ಕೂರಲಿಲ್ಲ. ಅವಳನ್ನು ವಾಪಸ್ ಕರೆಸಿ ಅಂತ ಮತ್ತೆ ಮತ್ತೆ ಬೇಡಿದರು. ಬೆಂಕಿ ನೀರಲ್ಲಿ ಬೆರೆತರೂ ಅವಳು ಬರಲಾರಳು ಅಂದ ಅಗಸ್ಟಸ್. ಜನ ಪಂಜು ಹಚ್ಚಿ ಟೈಬರ್ ನದಿಗೆ ಎಸೆದರು. ಐದು ವರ್ಷದ ನಂತರ ದ್ವೀಪದಿಂದ ಇಟಲಿಯ ತುದಿಯ ರೇಜಿಯಂ ಊರಿಗೆ ಬಿಟ್ಟರು, ಅಷ್ಟೇ. ಕ್ರಿ.ಶ. 14ರಲ್ಲಿ ಅಪ್ಪ ಸತ್ತ. ಪಟ್ಟಕ್ಕೆ ಬಂದ ಟೈಬೀರಿಯಸ್ ಅವಳ ಖರ್ಚಿನ ಹಣ ನಿಲ್ಲಿಸಿದ. ಅದೇ ವರ್ಷ ಅವಳು ಸೊರಗಿ ಸತ್ತಳು. ತನ್ನ ಗೋರಿಯಲ್ಲಿ ಅವಳ ಬೂದಿ ಇಡಬಾರದು ಅಂತ ಅಗಸ್ಟಸ್ ಮೊದಲೇ ಬರೆದಿಟ್ಟಿದ್ದ.

ಆದರೆ ಕ್ಯಾಲಿಗುಲಾ ಅವಳ ಮಗಳ ಮಗ. ನೀರೋ ಅವಳ ಮೊಮ್ಮಗಳ ಮಗ. ಅಗಸ್ಟಸ್‌ನ ರಕ್ತ ಪಟ್ಟಕ್ಕೆ ಬಂದದ್ದು ಅವಳಿಂದಲೇ.

ಲಿವಿಯಾ ಎಲ್ಲರಿಗೂ ವಿಷ ಹಾಕಿದಳಂತೆ?

ನಾನು ನಂಬುವುದಿಲ್ಲ. ಮಾರ್ಸೆಲಸ್ ಸತ್ತ ಕ್ರಿ.ಪೂ. 23ರಲ್ಲಿ ಅಗಸ್ಟಸ್‌ಗೂ ಸಾಯುವಷ್ಟು ಕಾಯಿಲೆಯಾಗಿತ್ತು. ವೈದ್ಯ ಮೂಸಾ ತಣ್ಣೀರಿನ ಚಿಕಿತ್ಸೆ ಕೊಟ್ಟು ಅವನನ್ನು ಉಳಿಸಿದ. ಅದೇ ಚಿಕಿತ್ಸೆ ಮಾರ್ಸೆಲಸ್‌ಗೆ ಹಿಡಿಯಲಿಲ್ಲ. ಲೂಸಿಯಸ್ ಫ್ರಾನ್ಸ್‌ನಲ್ಲಿ ಸತ್ತ, ಗಾಯಸ್ ಟರ್ಕಿಯಲ್ಲಿ ಯುದ್ಧದ ಗಾಯದಿಂದ ಸತ್ತ. ರೋಮ್‌ನಲ್ಲಿ ಕೂತ ಲಿವಿಯಾ ಕೈ ಅಲ್ಲಿಗೆಲ್ಲ ಹೇಗೆ ಚಾಚುತ್ತದೆ? ಮರದಲ್ಲಿದ್ದ ಅಂಜೂರಕ್ಕೆ ವಿಷ ಸವರಿ ಅಗಸ್ಟಸ್‌ನನ್ನೇ ಕೊಂದಳು ಅನ್ನುವ ಕಥೆಯನ್ನು ಬರೆದವನು ಇತಿಹಾಸಕಾರ ಡಿಯೋ, ಇನ್ನೂರು ವರ್ಷದ ನಂತರ, ಅದೂ ಹೀಗಂತೆ ಅನ್ನುವ ಧಾಟಿಯಲ್ಲಿ. 75 ವರ್ಷದ ಮುದುಕ ಸಾಯಲು ವಿಷವೇ ಬೇಕಾ?

ಮಗ ಪಟ್ಟಕ್ಕೆ ಬರಲಿ ಅಂತ ಅವಳಿಗೆ ಆಸೆ ಇತ್ತು, ಅನುಮಾನವಿಲ್ಲ. ಆದರೆ ಅಗಸ್ಟಸ್ ಜೊತೆ 50 ವರ್ಷಕ್ಕೂ ಮೀರಿ ಬಾಳಿದಳು. ಅವರಿಗೆ ಹುಟ್ಟಿದ ಒಂದೇ ಮಗು ದಿನ ತುಂಬುವ ಮುಂಚೆ ಹುಟ್ಟಿ ಹೋಯಿತು. ಆದರೂ ಅವನು ಅವಳನ್ನು ಬಿಡಲಿಲ್ಲ. ಮುಖ್ಯವಾದ ಮಾತಿದ್ದರೆ ಅವಳ ಹತ್ತಿರ ಮಾತಾಡುವಾಗಲೂ ಮೊದಲೇ ಬರೆದಿಟ್ಟುಕೊಂಡು ಓದುತ್ತಿದ್ದನಂತೆ. ಅಷ್ಟು ತೂಕ ಅವಳ ಅಭಿಪ್ರಾಯಕ್ಕೆ.

ಟೈಬೀರಿಯಸ್ ಅಷ್ಟು ಕೆಟ್ಟವನಾ?

ಕೊನೆಯ ವರ್ಷಗಳು ಕೆಟ್ಟವು. ಕ್ಯಾಪ್ರಿ ದ್ವೀಪಕ್ಕೆ ಹೋಗಿ ಕೂತು, ಆಡಳಿತವನ್ನು ಕಾವಲುಪಡೆಯ ಮುಖ್ಯಸ್ಥ ಸೆಜಾನಸ್ ಕೈಗೆ ಬಿಟ್ಟ. 31ರಲ್ಲಿ ಅವನನ್ನೂ ಕೊಲ್ಲಿಸಿದ. ದೇಶದ್ರೋಹದ ವಿಚಾರಣೆಗಳಲ್ಲಿ ಬಹಳ ಜನ ಹೋದರು. ಜೂಲಿಯಾಗೆ ಅವನು ಮಾಡಿದ್ದನ್ನು ಮೇಲೆ ಹೇಳಿದೆ.

ಆದರೆ ಅವನ ಮೊದಲ ಬದುಕನ್ನೂ ನೋಡಿ. ಅಗ್ರಿಪ್ಪನ ಮಗಳು ವಿಪ್ಸಾನಿಯಾ ಅವನ ಹೆಂಡತಿ. ಇಬ್ಬರೂ ಚೆನ್ನಾಗಿದ್ದರು, ಒಬ್ಬ ಮಗನೂ ಇದ್ದ. ಜೂಲಿಯಾಳನ್ನು ಕಟ್ಟಿಕೊಳ್ಳಲು ಅವಳನ್ನು ಬಿಡು ಅಂತ ಅಗಸ್ಟಸ್ ಹೇಳಿದ. ಬಿಟ್ಟ. ಆಮೇಲೆ ಒಂದೇ ಒಂದು ಸಲ ದಾರಿಯಲ್ಲಿ ಅವಳು ಕಂಡಳು. ಕಣ್ಣೀರು ತುಂಬಿಕೊಂಡು ನೋಡುತ್ತಾ ಅವಳ ಹಿಂದೆಯೇ ಹೋದ. ಇನ್ನು ಮುಂದೆ ಅವಳು ಇವನ ಕಣ್ಣಿಗೆ ಬೀಳದ ಹಾಗೆ ಮನೆಯವರು ನೋಡಿಕೊಂಡರು. ತಮ್ಮ ಡ್ರೂಸಸ್ ಜರ್ಮನಿಯಲ್ಲಿ ಕುದುರೆಯಿಂದ ಬಿದ್ದಾಗ ಹಗಲು ರಾತ್ರಿ ಕುದುರೆ ಓಡಿಸಿಕೊಂಡು ಹೋದ. ತಮ್ಮ ಉಳಿಯಲಿಲ್ಲ. ಹೆಣದ ಮುಂದೆ ರೋಮ್‌ವರೆಗೂ ನಡೆದುಕೊಂಡೇ ಬಂದ.

ಅದೇ ಮನುಷ್ಯ ಕ್ರಿ.ಶ. 29ರಲ್ಲಿ ತಾಯಿ ಲಿವಿಯಾ ಸತ್ತಾಗ ಅಂತ್ಯಕ್ರಿಯೆಗೂ ಬರಲಿಲ್ಲ.

ಜರ್ಮ್ಯಾನಿಕಸ್‌ಗೆ ವಿಷ ಹಾಕಿದ್ದು ಯಾರು?

ಹಾಕಿದ್ದಾರೆ ಅಂತ ಹೇಳಲು ಪುರಾವೆ ಇಲ್ಲ. ಡ್ರೂಸಸ್‌ನ ಮಗ ಜರ್ಮ್ಯಾನಿಕಸ್ ಜನರ ಕಣ್ಮಣಿ. ಟೈಬೀರಿಯಸ್ ಅವನನ್ನು ದತ್ತು ತಗೊಂಡಿದ್ದ. ಕ್ರಿ.ಶ. 19ರಲ್ಲಿ ಸಿರಿಯಾದ ಆಂಟಿಯೋಕ್‌ನಲ್ಲಿ 33ನೇ ವಯಸ್ಸಿಗೆ ಸತ್ತ. ರಾಜ್ಯಪಾಲ ಪೀಸೋ ಮೇಲೆ ಅನುಮಾನ ಬಂತು. ವಿಚಾರಣೆ ಮುಗಿಯುವ ಮುಂಚೆ ಪೀಸೋ ಆತ್ಮಹತ್ಯೆ ಮಾಡಿಕೊಂಡ. ಆ ಪ್ರಕರಣದ ಸೆನೆಟ್ ತೀರ್ಮಾನ ಸ್ಪೇನ್‌ನಲ್ಲಿ ಕಂಚಿನ ಹಲಗೆಗಳ ಮೇಲೆ ಸಿಕ್ಕಿದೆ.

ಅವನ ಹೆಂಡತಿ ಅಗ್ರಿಪ್ಪಿನಾ, ಜೂಲಿಯಾಳ ಮಗಳು. ಒಂಬತ್ತು ಮಕ್ಕಳ ತಾಯಿ. ಗಂಡನ ಬೂದಿಯ ಕರಂಡ ಹಿಡಿದು ಇಟಲಿಯ ಬ್ರಂಡಿಸಿಯಂನಲ್ಲಿ ಹಡಗಿನಿಂದ ಇಳಿದಾಗ ಬಂದರಿನ ಗೋಡೆ, ಮನೆಯ ಛಾವಣಿ ಎಲ್ಲ ಕಡೆ ಜನ. ಟೈಬೀರಿಯಸ್ ಜೊತೆ ಅವಳಿಗೆ ಸರಿಹೋಗಲಿಲ್ಲ. ಕೊನೆಗೆ ಅವಳೂ ಪಂಡಟೇರಿಯಾಗೇ ಹೋದಳು, ಅಮ್ಮನನ್ನು ಇಟ್ಟಿದ್ದ ದ್ವೀಪಕ್ಕೆ. 33ರಲ್ಲಿ ಅಲ್ಲೇ ಸತ್ತಳು. ಮಗ ಕ್ಯಾಲಿಗುಲಾ ಪಟ್ಟಕ್ಕೆ ಬಂದ ಕೂಡಲೇ ತಾನೇ ಸಮುದ್ರ ದಾಟಿ ಹೋಗಿ ಅಮ್ಮನ ಬೂದಿ ತಂದು ಅಗಸ್ಟಸ್‌ನ ಗೋರಿಯಲ್ಲಿಟ್ಟ. ಬೂದಿ ಇಟ್ಟ ಆ ಕಲ್ಲಿನ ಪೆಟ್ಟಿಗೆ ಈಗಲೂ ರೋಮ್‌ನ ಕ್ಯಾಪಿಟೋಲಿನ್ ಮ್ಯೂಸಿಯಂನಲ್ಲಿದೆ. ಮಧ್ಯಯುಗದಲ್ಲಿ ಅದನ್ನು ಧಾನ್ಯ ಅಳೆಯುವ ಕೊಳಗ ಮಾಡಿಕೊಂಡಿದ್ದರು. ಅಗ್ರಿಪ್ಪಿನಾಳ ಹೆಸರು ಕೆತ್ತಿದ ಕಲ್ಲಿನಲ್ಲಿ ಊರ ಜನ ಗೋಧಿ ಅಳೆದರು.

ಕ್ಯಾಲಿಗುಲಾ ಕುದುರೆಯನ್ನು ಮಂತ್ರಿ ಮಾಡಿದನಾ?

ಮಾಡಲಿಲ್ಲ. ಕಾನ್ಸುಲ್ (ರೋಮ್‌ನ ಅತಿ ದೊಡ್ಡ ಹುದ್ದೆ) ಮಾಡಬೇಕು ಅಂದುಕೊಂಡಿದ್ದನಂತೆ ಅನ್ನುವ ಮಾತು ಮಾತ್ರ ಉಂಟು. ಕುದುರೆಗೆ ಅಮೃತಶಿಲೆಯ ಲಾಯ, ದಂತದ ಗೋದಲಿ ಇತ್ತು ಅಂತಲೂ ಬರೆದಿದ್ದಾರೆ. ನಾಲ್ಕು ವರ್ಷ ಆಳಿ, 41ರ ಜನವರಿಯಲ್ಲಿ ತನ್ನ ಕಾವಲಿನವರ ಕೈಯಲ್ಲೇ ಸತ್ತ. ಹೆಂಡತಿಯನ್ನೂ, ಇನ್ನೂ ಚಿಕ್ಕ ಮಗುವಾಗಿದ್ದ ಮಗಳನ್ನೂ ಬಿಡಲಿಲ್ಲ.

ಕ್ಲಾಡಿಯಸ್ ಅಣ್ಣನ ಮಗಳನ್ನೇ ಮದುವೆಯಾದನಂತೆ?

ಹೌದು, 49ರಲ್ಲಿ. ಅದಕ್ಕೆ ಮುಂಚಿನ ಕಥೆ ಮೊದಲು. ಕ್ಲಾಡಿಯಸ್‌ಗೆ ಚಿಕ್ಕಂದಿನಿಂದ ಮಾತು ತೊದಲು, ನಡಿಗೆ ಓರೆ. ಹೆತ್ತ ತಾಯಿಯೇ ಅವನನ್ನು ಪ್ರಕೃತಿ ಅರ್ಧಕ್ಕೆ ಬಿಟ್ಟ ಕೂಸು ಅಂತ ಹಂಗಿಸುತ್ತಿದ್ದಳು. ಜನರ ಮುಂದೆ ತರದೆ ಮೂಲೆಯಲ್ಲಿಟ್ಟರು. ಅಗಸ್ಟಸ್ ಮಾತ್ರ ಒಮ್ಮೆ ಲಿವಿಯಾಗೆ ಬರೆದ: ಇಷ್ಟು ಅಸ್ಪಷ್ಟವಾಗಿ ಮಾತಾಡುವ ಹುಡುಗ ಭಾಷಣ ಮಾಡುವಾಗ ಇಷ್ಟು ಸ್ಪಷ್ಟವಾಗಿ ಹೇಗೆ ಮಾತಾಡಿದ ಅಂತ ನನಗೆ ಆಶ್ಚರ್ಯ. ಮೂಲೆಯಲ್ಲಿದ್ದವನು ಓದಿದ, ಇಟಲಿಯ ಹಳೇ ಎಟ್ರುಸ್ಕನ್ ಜನರ ಇತಿಹಾಸವನ್ನೇ 20 ಸಂಪುಟ ಬರೆದ. ಒಂದೂ ಉಳಿದಿಲ್ಲ. ಕ್ಯಾಲಿಗುಲಾ ಕೊಲೆಯಾದ ದಿನ ಪರದೆ ಹಿಂದೆ ಅವಿತಿದ್ದ. ಕೆಳಗೆ ಕಾಲು ಕಂಡಿತು. ಎಳೆದ ಸೈನಿಕನ ಕಾಲಿಗೆ ಬಿದ್ದ, ಸೈನಿಕ ಅವನಿಗೇ ಚಕ್ರವರ್ತಿ ಅಂತ ನಮಸ್ಕಾರ ಮಾಡಿದ.

ಮೂರನೇ ಹೆಂಡತಿ ಮೆಸ್ಸಲೀನಾ 48ರಲ್ಲಿ ಕೊಲೆಯಾದ ಮೇಲೆ ಅಣ್ಣ ಜರ್ಮ್ಯಾನಿಕಸ್‌ನ ಮಗಳು, ಚಿಕ್ಕ ಅಗ್ರಿಪ್ಪಿನಾಳನ್ನು ಕಟ್ಟಿಕೊಂಡ. ರೋಮ್‌ನಲ್ಲಿ ಅದು ನಿಷಿದ್ಧ. ಅದಕ್ಕೇ ಸೆನೆಟ್ ಕಾನೂನು ಬದಲಾಯಿಸಿತು. ಆದರೆ ಅಣ್ಣತಮ್ಮಂದಿರ ಮಗಳಿಗೆ ಮಾತ್ರ ಸಡಿಲ ಕೊಟ್ಟರು. ಅಕ್ಕತಂಗಿಯರ ಮಗಳು ಆಗಲೂ ನಿಷಿದ್ಧವೇ. ನಮ್ಮ ಕಡೆ ಇದು ಪೂರ್ತಿ ಉಲ್ಟಾ, ಅಲ್ವಾ? ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಚಿಕ್ಕಪ್ಪ ಅಂದರೆ ಅಪ್ಪನ ಸಮಾನ. ಈ ಮದುವೆ ಕಥೆ ಕೇಳಿದಾಗ ಕನ್ನಡದವರಿಗೆ ಆಗುವ ಕಸಿವಿಸಿ, ರೋಮ್ ಜನಕ್ಕೂ ಆಗಿತ್ತು.

ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನಾ?

ಪಿಟೀಲು ಹುಟ್ಟಿದ್ದೇ ಹದಿನಾರನೇ ಶತಮಾನದಲ್ಲಿ. ಗಾದೆಯ ಹಾಗೆ ನಾವು ಬಳಸುತ್ತೇವೆ, ಬಳಸಲಿ. ಆದರೆ 64ರ ಜುಲೈಯಲ್ಲಿ ಬೆಂಕಿ ಬಿದ್ದಾಗ ಅವನು ಊರಲ್ಲೇ ಇರಲಿಲ್ಲ, ಕರಾವಳಿಯ ಆಂಟಿಯಂ ಊರಲ್ಲಿದ್ದ. ವಾಪಸ್ ಬಂದು ಮನೆ ಕಳೆದುಕೊಂಡವರಿಗೆ ತನ್ನ ತೋಟಗಳನ್ನು ತೆರೆದ, ಧಾನ್ಯದ ಬೆಲೆ ಇಳಿಸಿದ. ಅವನು ಟ್ರಾಯ್ ನಗರ ಸುಟ್ಟ ಹಾಡು ಹಾಡಿದ ಅನ್ನುವ ಗಾಳಿಸುದ್ದಿ ಆಗಲೇ ಹಬ್ಬಿತ್ತು. 14 ವಾರ್ಡ್‌ಗಳಲ್ಲಿ ಬೆಂಕಿ ಮುಟ್ಟದೆ ಉಳಿದದ್ದು ನಾಲ್ಕೇ. ಸುಟ್ಟ ಜಾಗದಲ್ಲಿ ತನಗೆ ಚಿನ್ನದ ಅರಮನೆ ಕಟ್ಟಿಸಿಕೊಂಡ. ಜನ ಅನುಮಾನಪಟ್ಟಿದ್ದರಲ್ಲಿ ತಪ್ಪೇನಿದೆ?

ನನ್ನ ಮಟ್ಟಿಗೆ ನೀರೋನ ದೊಡ್ಡ ಪಾಪ ಮನೆಯೊಳಗಿನದು. 16 ವರ್ಷಕ್ಕೆ ತಾಯಿ ಚಿಕ್ಕ ಅಗ್ರಿಪ್ಪಿನಾ ಅವನನ್ನು ಪಟ್ಟಕ್ಕೆ ತಂದಳು. ಮರುವರ್ಷವೇ ಕ್ಲಾಡಿಯಸ್‌ನ ಸ್ವಂತ ಮಗ ಬ್ರಿಟಾನಿಕಸ್ ಊಟ ಮಾಡುತ್ತಾ ಕುಸಿದು ಸತ್ತ. ಅವನಿಗೆ 14 ತುಂಬಲು ಸ್ವಲ್ಪ ದಿನ ಬಾಕಿ ಇತ್ತು. 59ರಲ್ಲಿ ತಾಯಿಯ ಸರದಿ. ಅವಳು ಹತ್ತಿದ ದೋಣಿಯ ಸೂರಿಗೆ ಸೀಸ ತುಂಬಿ ಮೇಲೆ ಬೀಳುವ ಹಾಗೆ ಮಾಡಿದ್ದರು. ಸೂರು ಬಿತ್ತು. ಜೊತೆಗಿದ್ದ ಗೆಳತಿ ನಾನೇ ಅಗ್ರಿಪ್ಪಿನಾ, ಕಾಪಾಡಿ ಅಂತ ಕೂಗಿದಳು. ಅವಳನ್ನು ದೋಣಿಯ ಹುಟ್ಟುಗಳಿಂದ ಬಡಿದು ಕೊಂದರು. ನಿಜವಾದ ಅಗ್ರಿಪ್ಪಿನಾ ಸದ್ದಿಲ್ಲದೆ, ಪೆಟ್ಟು ಬಿದ್ದ ಭುಜದಲ್ಲೇ ಈಜಿ ದಡ ಸೇರಿದಳು. ಮನೆಗೆ ಆಳು ಕಳಿಸಿ ಕೊಲ್ಲಿಸಿದ. 62ರಲ್ಲಿ ಹೆಂಡತಿ ಆಕ್ಟೇವಿಯಾಳನ್ನು ಕಳಿಸಿದ್ದು ಎಲ್ಲಿಗೆ? ಅದೇ ಪಂಡಟೇರಿಯಾ. ಅಲ್ಲೇ ಕೊಂದರು.

68ರ ಜೂನ್ 9ರಂದು ಎಲ್ಲರೂ ಕೈಬಿಟ್ಟ ಮೇಲೆ ನೀರೋ ತನ್ನನ್ನೇ ಕೊಂದುಕೊಂಡ. ಅವನ ಬೂದಿಯನ್ನು ಗೋರಿಗೆ ಸೇರಿಸಿದವರು ಅವನನ್ನು ಎತ್ತಿ ಆಡಿಸಿದ ಇಬ್ಬರು ದಾದಿಯರು ಮತ್ತು ಹಳೇ ಪ್ರೇಯಸಿ ಆಕ್ಟೆ. ಅಗಸ್ಟಸ್‌ನ ಮನೆತನ ಅಲ್ಲಿಗೆ ಮುಗಿಯಿತು.

ಈ ಮನೆಯಲ್ಲಿ ಕೆಲಸ ಮಾಡಿದವರ ಬಗ್ಗೆ ಏನಾದರೂ ಗೊತ್ತಾ?

ಈ ಪ್ರಶ್ನೆ ಕಡಿಮೆ ಜನ ಕೇಳುತ್ತಾರೆ, ಕೇಳಿದರೆ ನನಗೆ ಖುಷಿ. ರೋಮ್‌ನ ಆಪಿಯನ್ ರಸ್ತೆ ಬದಿಯಲ್ಲಿ 1726ರಲ್ಲಿ ಲಿವಿಯಾಳ ಮನೆಯಾಳುಗಳ ಸಾಮೂಹಿಕ ಗೋರಿ ಸಿಕ್ಕಿತು. ಗೋಡೆಯಲ್ಲಿ ಪಾರಿವಾಳದ ಗೂಡಿನ ಹಾಗೆ ಸಾಲು ಸಾಲು ಗೂಡು. ಸಾವಿರಕ್ಕೂ ಹೆಚ್ಚು ಜನರ ಬೂದಿ. ಕೆಳಗೆ ಸಣ್ಣ ಫಲಕದಲ್ಲಿ ಹೆಸರು, ಕೆಲಸ. ತಲೆ ಬಾಚುವವಳು, ಹರಿದ ಬಟ್ಟೆ ಹೊಲಿಯುವವಳು, ನೂಲುವವರಿಗೆ ಉಣ್ಣೆ ತೂಗಿ ಕೊಡುವವನು, ಸೂಲಗಿತ್ತಿ, ಅಕ್ಕಸಾಲಿಗ, ಮುತ್ತು ಕೂರಿಸುವವನು. ಹೆಚ್ಚಿನವರು ಗುಲಾಮರು ಅಥವಾ ಬಿಡುಗಡೆಯಾದ ಗುಲಾಮರು.

ಇಷ್ಟೆಲ್ಲ ನಂಬುವುದು ಹೇಗೆ?

ಎಚ್ಚರ ಇಟ್ಟುಕೊಂಡು ನಂಬಬೇಕು. ಈ ಕಥೆಗಳನ್ನು ಬರೆದಿಟ್ಟ ಇತಿಹಾಸಕಾರರಲ್ಲಿ ಟ್ಯಾಸಿಟಸ್ ಹುಟ್ಟಿದ್ದು ನೀರೋ ಕಾಲದಲ್ಲಿ, ಸುಟೋನಿಯಸ್ ಅದಾದ ಮೇಲೆ. ಇಬ್ಬರೂ ಬರೆಯುವ ಹೊತ್ತಿಗೆ ಈ ಮನೆತನ ಮುಗಿದು ಹೋಗಿತ್ತು, ಬೈದರೆ ಕೇಳುವವರಿರಲಿಲ್ಲ. ಆದರೆ ಸುಟೋನಿಯಸ್ ಮುಂದೆ ಅರಮನೆಯ ಪತ್ರವ್ಯವಹಾರ ನೋಡಿಕೊಂಡವನು, ಅಗಸ್ಟಸ್‌ನ ಕಾಗದಗಳನ್ನು ಕಣ್ಣಾರೆ ಕಂಡವನು. ಆದ್ದರಿಂದ ಪತ್ರ, ನಾಣ್ಯ, ಶಾಸನ ಹೇಳಿದ್ದನ್ನು ಜಾಸ್ತಿ ನಂಬುತ್ತೇನೆ. ಮುಚ್ಚಿದ ಬಾಗಿಲ ಹಿಂದೆ ಯಾರು ಯಾರಿಗೆ ಏನು ಕುಡಿಸಿದರು ಅನ್ನುವುದನ್ನು ಕಡಿಮೆ ನಂಬುತ್ತೇನೆ.

ರೋಮ್‌ಗೆ ಹೋದರೆ ಏನು ನೋಡಬೇಕು?

ಒಂದು ದಿನವೇ ಇದ್ದರೆ ಮೊದಲು ಪಲಾಝೋ ಮಾಸಿಮೋ ಮ್ಯೂಸಿಯಂ. ಲಿವಿಯಾಳ ತೋಟದ ಮನೆಯ ನೆಲಮಾಳಿಗೆ ಕೋಣೆಯ ಚಿತ್ರಗಳನ್ನು ಅಲ್ಲಿ ತಂದಿಟ್ಟಿದ್ದಾರೆ. ನಾಲ್ಕೂ ಗೋಡೆ ತುಂಬ ದಾಳಿಂಬೆ, ಹೂವು, ಹಕ್ಕಿ.

ಆಮೇಲೆ ಶಾಂತಿಯ ಬಲಿಪೀಠಕ್ಕೆ ಹೋಗಿ, ಆರಾ ಪಾಚಿಸ್ ಅನ್ನುತ್ತಾರೆ. ಕ್ರಿ.ಪೂ. 9ರ ಜನವರಿ 30ರಂದು, ಲಿವಿಯಾ ಹುಟ್ಟಿದ ದಿನವೇ, ಇದರ ಪ್ರತಿಷ್ಠೆ ಆಯಿತು. ಅಗಸ್ಟಸ್‌ನ ಗೋರಿ ಅದರ ಪಕ್ಕದಲ್ಲೇ ಇದೆ. ಅಮೃತಶಿಲೆಯ ಗೋಡೆಯಲ್ಲಿ ಇಡೀ ಮನೆ ಮೆರವಣಿಗೆ ಹೊರಟಿದೆ. ದಕ್ಷಿಣದ ಗೋಡೆ ಮುಂದೆ ನಿಧಾನವಾಗಿ ನಡೆಯಿರಿ. ತಲೆ ಮೇಲೆ ಸೆರಗು ಹೊದ್ದ ಗಂಡಸು ಅಗ್ರಿಪ್ಪ. ಸ್ವಲ್ಪ ಹಿಂದೆ ಒಂದು ಜೋಡಿ ಏನೋ ಮಾತಾಡುತ್ತಿದ್ದಾರೆ, ಅವರ ಹಿಂದಿನಿಂದ ಒಬ್ಬ ಹೆಂಗಸು ತುಟಿ ಮೇಲೆ ಬೆರಳಿಟ್ಟು ಶ್ ಅನ್ನುತ್ತಿದ್ದಾಳೆ. ಅಗ್ರಿಪ್ಪನ ಪಕ್ಕದಲ್ಲಿ ಒಂದು ಪುಟ್ಟ ಹುಡುಗ. ಅವನು ಗಾಯಸ್ ಅಂತ ಕೆಲವರು, ಹೊರದೇಶದ ರಾಜಕುಮಾರ ಅಂತ ಕೆಲವರು. ಯಾರೇ ಇರಲಿ, ಅವನು ಮೆರವಣಿಗೆ ಕಡೆ ನೋಡುತ್ತಿಲ್ಲ. ಹಿಂದಕ್ಕೆ ತಿರುಗಿ, ಅಗ್ರಿಪ್ಪನ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ.